ಕಡುಬಿನ ಹಬೆಯೂ ನನ್ನ 60 ಪಟ್ಟು ಝೂಮ್ ಕ್ಯಾಮೆರಾವೂ: ನಾಲ್ಕು ಮಳೆಗಾಲ ಬಳಸಿದ ಮೇಲೆ

2021ರಲ್ಲಿ ಮೆಣಸು ಮಾರಿದ ದುಡ್ಡಲ್ಲಿ 26,000 ಕೊಟ್ಟು ಈ ಕ್ಯಾಮೆರಾ ತೆಗೆದುಕೊಂಡೆ. ಮನೆಯಲ್ಲಿ ಹೇಳಿದ್ದು 18,000. ಆ ಲೆಕ್ಕ ಇವತ್ತಿಗೂ ಹಾಗೇ ಇದೆ. ಲೆನ್ಸ್ ಬದಲಿಸುವ ಹಾಗಿಲ್ಲದ, ಒಂದೇ ಲೆನ್ಸಲ್ಲಿ 60 ಪಟ್ಟು ಎಳೆಯುವ ಬಗೆಯದು. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ನಾನು ಬೈಯಬೇಕು ಅಂತ ಇರುವ ವಿಷಯದಲ್ಲಿ ಅರ್ಧ ತಪ್ಪು ನಂದೇ. ಸೆನ್ಸರ್, ಮೆಗಾಪಿಕ್ಸೆಲ್ ವಿವರ ಎಲ್ಲ ಕಡೆ ಸಿಗುತ್ತದೆ, ಬಿಡಿ.

ನಮ್ಮದು ಮೂಡಿಗೆರೆ ಕಡೆ ಸಣ್ಣ ರೋಬಸ್ಟಾ ಕಾಫಿ ತೋಟ. ಮನೆ ಹಿಂದೆ ಒಂದು ಒಣಗಿದ ಹಾಲುವಾಣ ಮರ ಇದೆ. ಅದನ್ನು ಕಡಿದು ಸೌದೆ ಮಾಡೋಣ ಅಂತ ತೋಟದಲ್ಲಿ ಕೆಲಸ ಮಾಡುವವರು ವರ್ಷಕ್ಕೆ ಎರಡು ಸಲ ಕೇಳುತ್ತಾರೆ. ನಾನು ಎರಡು ಸಲವೂ ಬೇಡ ಅನ್ನುತ್ತೇನೆ. ಇಪ್ಪತ್ತು ಅಡಿ ಎತ್ತರದಲ್ಲಿ ಒಂದು ತೂತು, ಅದರಲ್ಲಿ ರಾತ್ರಿ ಒಂದೇ ಒಂದು ಮರಕುಟಿಗ ಮಲಗುತ್ತದೆ. ಮರಕುಟಿಗಗಳು ಮರಿ ಮಾಡುವ ಕಾಲ ಬಿಟ್ಟರೆ ಸಾಮಾನ್ಯವಾಗಿ ಒಂದೊಂದು ತೂತಲ್ಲಿ ಒಂದೊಂದೇ ಮಲಗುವುದು, ಗಂಡ ಹೆಂಡತಿ ಬೇರೆ ಬೇರೆ. ಈ ಮಾಹಿತಿಗೆ ಮನೆಯಲ್ಲಿ ಒಳ್ಳೆಯ ಪ್ರತಿಕ್ರಿಯೆ ಬಂತು.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಆರೂ ಮುಕ್ಕಾಲು ದಾಟುತ್ತದೆ. ನಾನು ಆರೂಕಾಲಿಗೇ ಎದ್ದು ಹೋಗಿ ಪಂಪ್ ಮನೆ ಗೋಡೆ ಮೇಲೆ ಅಕ್ಕಿ ತುಂಬಿದ ಪುಟ್ಟ ಚೀಲ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸುತ್ತೇನೆ. ಟ್ರೈಪಾಡ್ ಇದೆ, ಆದರೆ ಅದರ ಕಾಲು ಬಿಡಿಸುವ ಸದ್ದಿಗೇ ಕಾಡುಕೋಳಿ ಓಡುತ್ತದೆ. ಮೊದಲು ಭೀಮರಾಜ ಕೂಗುತ್ತದೆ, ಇನ್ನೂ ಕತ್ತಲೆ ಇರುವಾಗಲೇ. ಆಮೇಲೆ ಪಿಕಳಾರ, ಕುಟ್ರು. ತೂತಿನಿಂದ ಮೊದಲು ಕೊಕ್ಕಿನ ತುದಿ ಮಾತ್ರ ಬರುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಲೆ. ಎಡಕ್ಕೆ ನೋಡುತ್ತದೆ, ಬಲಕ್ಕೆ ನೋಡುತ್ತದೆ, ಮತ್ತೆ ಒಳಗೆ ಹೋಗುತ್ತದೆ, ಬಾಗಿಲ ಸಂದಿಯಿಂದ ಸಾಲಗಾರ ಬಂದಿದ್ದಾನಾ ಅಂತ ಇಣುಕುವವರ ಹಾಗೆ. ಕೊನೆಗೆ ಪೂರ್ತಿ ಹೊರಗೆ ಬಂದು, ಬಾಲವನ್ನು ಮರಕ್ಕೆ ಊರಿ, ಒಂದು ಸಲ ಮೈ ಕೊಡವಿ ಹೋಗುತ್ತದೆ. ಎಲ್ಲ ಸೇರಿ ಐದು ನಿಮಿಷ ಆಗಬಹುದು.

ಈ ಐದು ನಿಮಿಷಕ್ಕೆ ಕ್ಯಾಮೆರಾ ಹೇಗಿದೆ ಅಂದರೆ, ಹೇಳಲೇಬೇಕು, ಚೆನ್ನಾಗಿದೆ. ಎಷ್ಟೋ ವರ್ಷದಿಂದ ನಾವು ಇದನ್ನು ಮಾಮೂಲಿ ಹೊಂಬೆನ್ನಿನ ಮರಕುಟಿಗ ಅಂತಲೇ ಅಂದುಕೊಂಡಿದ್ದೆವು. ಝೂಮ್ ಮಾಡಿ ನೋಡಿದರೆ ಸೊಂಟದ ಹತ್ತಿರ ಕೆಂಪು, ಕತ್ತಿನ ಹಿಂದೆ ಬಿಳಿ, ಉದ್ದ ಕೊಕ್ಕು. ಮಾಮೂಲಿಯದಕ್ಕೆ ಸೊಂಟ ಕಪ್ಪು, ಗಂಟಲೂ ಕಪ್ಪು. ಅಂದರೆ ಇದು ದೊಡ್ಡ ಜಾತಿಯದು. ನೆತ್ತಿ ಕೆಂಪಿರಲಿಲ್ಲ, ಕಪ್ಪು ಮೇಲೆ ಬಿಳಿ ಚುಕ್ಕೆ ಇತ್ತು. ಹಾಗಾಗಿ ಹೆಣ್ಣು. ಬರಿಗಣ್ಣಿಗೆ ಇದೆಲ್ಲ ಒಂದು ಹಳದಿ ಮಿಂಚು, ಅಷ್ಟೇ.

ಬೆಳಕು ಬರುವ ಮುಂಚಿನ ಫೋಟೋ ಮಾತ್ರ ಕೇಳಬೇಡಿ. ಪೂರ್ತಿ ಝೂಮ್ ಮಾಡಿದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 1600 ದಾಟುತ್ತದೆ, ಹಕ್ಕಿಯ ಗರಿ ಒದ್ದೆ ಹತ್ತಿ ಹಾಗೆ ಕಾಣುತ್ತದೆ. ಅರ್ಧ ಝೂಮ್ ಸಾಕು. ಆಮೇಲೆ ನಿದ್ದೆಯ ಕಥೆ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಕ್ಯಾಮೆರಾ ಮಲಗುತ್ತದೆ. ಎಬ್ಬಿಸಿದರೆ ಲೆನ್ಸ್ ಹೊರಗೆ ಬರಲು ಮೂರು ಸೆಕೆಂಡ್, ಝೂಮ್ ಆಗಲು ಇನ್ನೂ ಮೂರು. ಅಷ್ಟರಲ್ಲಿ ಯಾವ ಮರಕುಟಿಗವಾದರೂ ಕಾಂಡದ ಆ ಕಡೆಗೆ ಸರಿದಿರುತ್ತದೆ. ಮುತ್ತೋಡಿ ಕಾಡಲ್ಲಿ ಒಮ್ಮೆ ಬಿಳಿ ಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗ, ಹತ್ತಿರ ಹತ್ತಿರ ಒಂದೂವರೆ ಅಡಿ ಉದ್ದದ ಹಕ್ಕಿ, ನಮ್ಮ ಜೀಪಿನ ಎದುರಿನ ಮರದ ಮೇಲೇ ಕೂತಿತ್ತು. ನನ್ನ ಹತ್ತಿರ ಇರುವುದು ಆ ಮರದ ಫೋಟೋ. ಮೆನುಗೆ ಹೋಗಿ ಕ್ಯಾಮೆರಾ ಮಲಗುವ ಮುಂಚಿನ ಸಮಯವನ್ನು ಐದು ನಿಮಿಷಕ್ಕೆ ಏರಿಸಿಕೊಂಡು, ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ.

ಇನ್ನು ಮುಖ್ಯ ವಿಷಯ. 2023ರ ಸೆಪ್ಟೆಂಬರಲ್ಲಿ ಆಕಾಶದ ಫೋಟೋಗಳಲ್ಲಿ ಮೇಲೆ ಎಡಗಡೆ ಒಂದು ಮಂಜು ಮಂಜು ಕಲೆ ಬರಲು ಶುರುವಾಯಿತು. ಒರೆಸಿದೆ, ಹೋಗಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಗಾಜಿನ ಒಳಗೆ ಜೇಡರ ಬಲೆ ಹಾಗೆ ಸಣ್ಣ ಎಳೆಗಳು. ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಹಿಡಿದುಕೊಂಡು ಹೋದೆ. ಕೌಂಟರಿನ ಹುಡುಗ ನೋಡಿದವನೇ, "ಯಾವ ಊರು ಸಾರ್?" ಅಂದ. ಮೂಡಿಗೆರೆ ಅಂದೆ. "ಹಾಗಾದ್ರೆ ಸರಿ" ಅಂದ. ಬೂಷ್ಟು ಹಿಡಿದಿದೆ, ವಾರಂಟಿ ಇದ್ದರೂ ಇದಕ್ಕೆ ಬರಲ್ಲ, ಬಿಚ್ಚಿ ಕ್ಲೀನ್ ಮಾಡಲು 9,800. ಸಿಟ್ಟು ಬಂತು. ಮಲೆನಾಡಲ್ಲಿ ಮಾರಿ ಮಲೆನಾಡಲ್ಲಿ ಬಳಸಬೇಡಿ ಅಂದರೆ ಏನರ್ಥ ಅಂತ ಅಲ್ಲೇ ಜೋರು ಮಾಡಿ, ಕ್ಯಾಮೆರಾ ವಾಪಸ್ ತೆಗೆದುಕೊಂಡು ಬಸ್ಸು ಹತ್ತಿದೆ. ಚಾರ್ಮಾಡಿ ಕಡೆಯಿಂದ ಬರುವ ಮಳೆಗೆ ಚಪ್ಪಲಿ, ಬೆಲ್ಟು, ದೇವರ ಫೋಟೋ ಎಲ್ಲದಕ್ಕೂ ಬೂಷ್ಟು ಬರುವ ಊರು ನಮ್ಮದು. ಅದಕ್ಕೇ ಬ್ಯಾಗಿನೊಳಗೆ ಬ್ಯಾಗು ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಬಟ್ಟೆಯ ಬ್ಯಾಗು ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದೇ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಆದರೆ ದೊಡ್ಡ ತಪ್ಪು ಬೇರೆಯೇ ಇತ್ತು. ಬೆಳಗ್ಗೆ ಫೋಟೋ ತೆಗೆದು ಬಂದವನು ನೇರ ಅಡುಗೆಮನೆಗೆ ಹೋಗಿ, ಒಲೆ ಪಕ್ಕದ ಮಣೆ ಮೇಲೆ ಕೂತು, ಬೆಲ್ಲದ ಕಾಫಿ ಕುಡಿಯುತ್ತಾ, ಲೆನ್ಸ್ ಪೂರ್ತಿ ಹೊರಗೆ ಚಾಚಿಕೊಂಡೇ ಒಂದೊಂದೇ ಫೋಟೋ ನೋಡುತ್ತಿದ್ದೆ. ನನ್ನ ದಿನದ ಅತಿ ಸುಖದ ಅರ್ಧ ಗಂಟೆ ಅದು. ಎದುರಿಗೆ ಕಡುಬಿನ ಪಾತ್ರೆ ಹಬೆ ಬಿಡುತ್ತಿರುತ್ತದೆ. ಒಂದು ದಿನ ಹಾಗೇ ಒಳಗೆ ಬಂದೆ, ಕನ್ನಡಕ ಬೆಳ್ಳಗಾಯಿತು, ತೆಗೆದು ಅಂಗಿಗೆ ಒರೆಸಿಕೊಂಡೆ. ಎರಡೂವರೆ ವರ್ಷ ದಿನಾ ಕನ್ನಡಕ ಒರೆಸಿಕೊಂಡಿದ್ದೇನೆ. ಕೈಯಲ್ಲಿದ್ದ ಇನ್ನೊಂದು ಗಾಜಿನ ನೆನಪೇ ಬಂದಿರಲಿಲ್ಲ! ಹೊರಗೆ ತಣ್ಣಗಾದ ಲೆನ್ಸ್ ಮೇಲೆ ಹಬೆ ನೀರಾಗುತ್ತದೆ, ಮುಂದೆ ಹಿಂದೆ ಹೋಗುವ ಝೂಮ್ ಆ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಹೆಂಡತಿಗೆ ಹೇಳಿದೆ. "ಅಂದ್ರೆ ತಪ್ಪು ನನ್ನ ಕಡುಬಿನದಾ ರೀ?" ಅಂದಳು. ಅಲ್ಲ ಮಾರಾಯ್ತಿ ಅಂದೆ.

ಹಾಸನದಲ್ಲಿ ಒಬ್ಬರು ಹಳೇ ಕ್ಯಾಮೆರಾ ರಿಪೇರಿಯವರು 4,500ಕ್ಕೆ ಬಿಚ್ಚಿ ಒರೆಸಿಕೊಟ್ಟರು. ಗಾಜಿನ ಲೇಪನವನ್ನೇ ಬೂಷ್ಟು ತಿಂದ ಕಡೆ ಒಂದು ಗುರುತು ಉಳಿದಿದೆ. ಹಿಂದೆ ಆಕಾಶ ಇದ್ದರೆ ಕಾಣುತ್ತದೆ, ಮರದ ಕಾಂಡ ಇದ್ದರೆ ಕಾಣುವುದಿಲ್ಲ. ಮರಕುಟಿಗಕ್ಕೆ ತೊಂದರೆ ಇಲ್ಲ, ಗಿಡುಗಕ್ಕೆ ಇದೆ.

ಈಗ ಕ್ಯಾಮೆರಾವನ್ನು ಜಗಲಿಯಲ್ಲೇ ಜಿಪ್ ಕವರಿಗೆ ಹಾಕಿ ಮುಚ್ಚಿ ಅರ್ಧ ಗಂಟೆ ಬಿಡುತ್ತೇನೆ, ಆಮೇಲೇ ಒಳಗೆ. ಇಡುವುದು ಕ್ಲಿಪ್ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅಡುಗೆಮನೆಯಿಂದ ಕದ್ದದ್ದು. ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕೆಜಿ, 300 ರೂಪಾಯಿಯ ತೇವ ತೋರಿಸುವ ಮೀಟರು. ಮೀಟರು 45ರ ಸುತ್ತ ಇದ್ದರೆ ನೆಮ್ಮದಿ, 60 ದಾಟಿದರೆ ಜೆಲ್ ಹುರಿಯುವ ದಿನ ಬಂತು ಅಂತ. ಜುಲೈಯಲ್ಲಿ ಬಿಸಿಲೆಲ್ಲಿ? ಅಡುಗೆಗೆ ಬಳಸದ ಹಳೇ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕೂರಬೇಕು, ಹಸಿರಾದದ್ದು ಮತ್ತೆ ಕಿತ್ತಳೆ ಬಣ್ಣಕ್ಕೆ ಬರುವ ತನಕ.

ತೆಗೆದುಕೊಳ್ಳಬಹುದಾ ಅಂದರೆ, ಕಡೂರು, ಅರಸೀಕೆರೆ ಕಡೆಯ ಒಣ ಊರಿನವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದವರು ಡಬ್ಬಿಗೆ 1,000 ಸೇರಿಸಿ ಲೆಕ್ಕ ಹಾಕಿ. ಲಕ್ಷ ಖರ್ಚು ಮಾಡಬಲ್ಲವರು ಇದನ್ನು ಓದುವುದೇ ಬೇಡ. ಐದಕ್ಕೆ ಮೂರೂವರೆ ಸ್ಟಾರ್. ನಾಲ್ಕು ಆಗದೆ ಅರ್ಧ ಕಡಿಮೆಯಾದದ್ದು ಕ್ಯಾಮೆರಾದ ನಿದ್ದೆಗೆ, ಬೂಷ್ಟಿಗಲ್ಲ.

ಮೊನ್ನೆಯ ಗಾಳಿಗೆ ಹಾಲುವಾಣದ ತುದಿ ಮುರಿದು ಬಿದ್ದಿದೆ. ತೂತಿರುವ ಭಾಗ ನಿಂತಿದೆ. ಸೌದೆಯವರು ಮತ್ತೆ ಕೇಳಿದರು.