ಹೊಸ ಅಪ್‌ಡೇಟ್ ಚೆನ್ನಾಗಿದೆ, ಆದರೆ ತೂಕದ ಕಾಲಂ ನೋಡಿ

ಹಾಸನದಲ್ಲಿ ನನ್ನದೊಂದು ಸಣ್ಣ ಪೆಟ್ ಕ್ಲಿನಿಕ್. ನಾನು, ಒಬ್ಬ ಕಾಂಪೌಂಡರ್, ಒಂದು ಕಂಪ್ಯೂಟರ್. ಪ್ರತಿ ಪ್ರಾಣಿಗೊಂದು ಕಾರ್ಡ್ ಮಾಡಿ, ಅದರ ದಾಖಲೆ, ಲಸಿಕೆಯ ತಾರೀಕು ಎಲ್ಲ ಇಡಲು ಎರಡು ವರ್ಷದಿಂದ ಒಂದೇ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಹೆಸರು ಬೇಡ, ಸ್ವಲ್ಪ ಬೈಯುವುದೂ ಇದೆ.

ಮೊದಲು ಹುಟ್ಟಿದ ತಾರೀಕು ಹಾಕದೆ ಕಾರ್ಡೇ ಓಪನ್ ಆಗುತ್ತಿರಲಿಲ್ಲ. ಬೀದಿಯಿಂದ ಎತ್ತಿಕೊಂಡು ಬಂದ ಮರಿಗೆ ಎಲ್ಲಿಯ ತಾರೀಕು? "ದೀಪಾವಳಿ ಟೈಮಲ್ಲಿ ಸಿಕ್ತು ಡಾಕ್ಟ್ರೇ" ಅಂತಾರೆ. ನಮ್ಮ ಹುಡುಗ ಎಲ್ಲಕ್ಕೂ ಜನವರಿ 1 ಅಂತ ಹೊಡೆದುಬಿಡುತ್ತಿದ್ದ. ಅರ್ಧ ಊರಿನ ನಾಯಿಗಳಿಗೆ ಒಂದೇ ದಿನ ಬರ್ತ್‌ಡೇ! ಈಗ ಹಲ್ಲು ನೋಡಿ 'ಸುಮಾರು 4 ತಿಂಗಳು' ಅಂತ ಹಾಕಿದರೆ ಸಾಕು. ತಳಿಯ ಪಟ್ಟಿಗೆ ಮುಧೋಳ, ನಾಟಿ ಎರಡೂ ಬಂದಿವೆ.

ನನಗೆ ಜಾಸ್ತಿ ಸಮಾಧಾನ ತಂದಿದ್ದು 'ತೀರಿಕೊಂಡಿದೆ' ಅನ್ನುವ ಬಟನ್. ಹೋದ ವರ್ಷ ಕಿಡ್ನಿ ಕೈಕೊಟ್ಟು ಒಂದು ಮುದಿ ಪೊಮೆರೇನಿಯನ್ ನಮ್ಮ ಟೇಬಲ್ ಮೇಲೆಯೇ ಹೋಯಿತು. ಹನ್ನೊಂದು ದಿನ ಕಳೆದ ಮೇಲೆ ಮನೆಯವರಿಗೆ ಮೆಸೇಜು: 'ರೇಬಿಸ್ ಲಸಿಕೆಯ ಸಮಯ ಬಂದಿದೆ, ಮರೆಯದೆ ಕರೆತನ್ನಿ.' ಆ ನಾಯಿಯನ್ನು ಸಾಕಿದ್ದ ಮೇಷ್ಟ್ರು ಫೋನು ಹಿಡಿದುಕೊಂಡು ಬಂದರು. ಜಗಳವಾಡಲಿಲ್ಲ. "ಇದನ್ನ ನಿಲ್ಲಿಸ್ತೀರಾ ಮೇಡಂ?" ಅಂದರು ಅಷ್ಟೇ. ಆಗ ನಿಲ್ಲಿಸಲು ಪೂರ್ತಿ ದಾಖಲೆಯನ್ನೇ ಅಳಿಸಬೇಕಿತ್ತು. ಈಗ ಒಂದು ಒತ್ತು, ಎಲ್ಲ ನೆನಪೋಲೆಯೂ ನಿಲ್ಲುತ್ತದೆ, ದಾಖಲೆ ಹಾಗೇ ಉಳಿಯುತ್ತದೆ. ಅವರ ಮನೆಯ ಬೆಕ್ಕಿನ ಕಾರ್ಡಿಗೂ ಏನೂ ಆಗುವುದಿಲ್ಲ.

ಲಸಿಕೆಯ ಲೆಕ್ಕವೂ ಸರಿಹೋಗಿದೆ. ಮರಿ ಎರಡನೇ ಡೋಸಿಗೆ ಹತ್ತು ದಿನ ತಡವಾಗಿ ಬಂದರೆ, ಮೂರನೆಯದರ ತಾರೀಕೂ ತಾನೇ ಮುಂದೆ ಹೋಗುತ್ತದೆ.

ಇನ್ನು ಬೈಗುಳ. ತೂಕದ ಕಾಲಂನಲ್ಲಿ ಹಿಂದಿನ ಸಲದ ತೂಕವೇ ಸುಮ್ನೆ ಕೂತಿರುತ್ತದೆ. ಲ್ಯಾಬ್ರಡಾರ್ ಮರಿ ಎರಡು ತಿಂಗಳಲ್ಲಿ ದುಪ್ಪಟ್ಟಾಗುತ್ತದೆ, ಅಲ್ವಾ? ಜಂತುಹುಳದ ಔಷಧಿಯಿಂದ ಹಿಡಿದು ಅರಿವಳಿಕೆಯವರೆಗೆ ನಮ್ಮದೆಲ್ಲ ಕಿಲೋ ಲೆಕ್ಕ. ಹೋದ ವಾರ 5 ಕಿಲೋಗೆ ಡೋಸ್ ತೋರಿಸಿತು. ಮುಂದೆ ನಿಂತಿದ್ದದ್ದು 11 ಕಿಲೋ ಮರಿ! ಪ್ರತಿ ಸಲ ಆ ಕಾಲಂ ಖಾಲಿಯಾಗಿ ಬರಬೇಕು, ಹಳೇ ತೂಕ ಪಕ್ಕದಲ್ಲಿ ಸಣ್ಣದಾಗಿ ಇರಲಿ. ಎರಡು ಸಲ ಫೋನ್ ಮಾಡಿ ಹೇಳಿದೆ. "ನೋಟ್ ಮಾಡ್ಕೊಂಡಿದೀವಿ" ಅಂದರು.

ಐದಕ್ಕೆ ಮೂರೂವರೆ ಸ್ಟಾರ್. ಸದ್ಯಕ್ಕೆ ನಮ್ಮ ಹುಡುಗ ಮಾನಿಟರಿನ ಅಂಚಿಗೆ 'ತೂಕ ಹಾಕಿದ್ರಾ?' ಅಂತ ಚೀಟಿ ಬರೆದು, ಬ್ಯಾಂಡೇಜ್ ಪಟ್ಟಿಯಲ್ಲೇ ಅಂಟಿಸಿದ್ದಾನೆ.