ಆಲ್‌ಬೋರ್ಗ್‌ನ ಎದ್ದು ನಿಲ್ಲುವ ಸೇತುವೆ: ಐದಕ್ಕೆ ನಾಲ್ಕು ಸ್ಟಾರ್

ಡೆನ್ಮಾರ್ಕಿನ ಆಲ್‌ಬೋರ್ಗ್‌ಗೆ ಬಂದರೆ ಲಿಮ್‌ಫ್ಯೋರ್ಡ್ ಅನ್ನುವ ಸಮುದ್ರದ ನೀರಿನ ಮೇಲಿರುವ, ದೋಣಿ ಬಂದರೆ ಎದ್ದು ನಿಲ್ಲುವ ಲಿಮ್‌ಫ್ಯೋರ್ಡ್ ಸೇತುವೆಯನ್ನು ಸೈಕಲ್ಲಿನಲ್ಲೇ ದಾಟಿ. ಕಾರಲ್ಲಿ ಕೂತವರಿಗೆ ಗೇಟು ಬಿದ್ದಾಗ ಸಿಟ್ಟು ಬರುತ್ತದೆ, ಅಷ್ಟೇ. ನನ್ನ ಮನೆ ಆ ದಡದ ನೋರೆಸುಂಡ್‌ಬಿಯಲ್ಲಿ, ಕೆಲಸ ಈ ದಡದಲ್ಲಿ, ಹಾಗಾಗಿ ದಿನಕ್ಕೆ ಎರಡು ಸಲ ಇದರ ದರ್ಶನ.

ಮೊನ್ನೆ ಇನ್ನೇನು ದಾಟಬೇಕು, ಕೆಂಪು ದೀಪ ಬಂತು, ಗೇಟೂ ಇಳಿಯಿತು. ಎದುರಿಗಿದ್ದ ರಸ್ತೆ ಬಿಳಿ ಗೆರೆ ಸಮೇತ ಗೋಡೆಯ ಹಾಗೆ ಎದ್ದು ನಿಂತಿತು. ಸಣ್ಣದೊಂದು ಹಾಯಿದೋಣಿ, ಒಳಗೆ ಇಬ್ಬರೇ ಇಬ್ಬರು, ಅವರಲ್ಲೊಬ್ಬರು ಕಾಫಿ ಹೀರುತ್ತಾ ಆರಾಮಾಗಿ ಹೋದರು. ಅವರಿಗೋಸ್ಕರ ಬಸ್ಸು, ವ್ಯಾನು, ನಾವೆಲ್ಲ ಕಾದೆವು! ನಮ್ಮೂರ ರೈಲ್ವೆ ಗೇಟಿನ ಹಾಗೆ ಬಗ್ಗಿ ನುಗ್ಗುವವರು ಯಾರೂ ಇಲ್ಲ. ನುಗ್ಗಿದರೂ ಹೋಗುವುದೆಲ್ಲಿಗೆ, ಮುಂದೆ ರಸ್ತೆಯೇ ಇಲ್ಲವಲ್ಲ.

ಇಷ್ಟು ಭಾರ ಹೇಗೆ ಏಳುತ್ತದೆ ಅಂದರೆ, ನಮ್ಮ ಏತದ ಲೆಕ್ಕವೇ. ಇಂಥ ಸೇತುವೆಗಳಲ್ಲಿ ಏಳುವ ರಸ್ತೆಯ ಹಿಂಬದಿಗೆ ಸಮತೂಕದ ಭಾರ ಇರುತ್ತದೆ, ಮೋಟಾರಿಗೆ ಜಾಸ್ತಿ ಕಷ್ಟವಿಲ್ಲ. ಕೆಳಗಿನ ನೀರಿನ ಹೆಸರಲ್ಲಿ ಫ್ಯೋರ್ಡ್, ಅಂದರೆ ಒಂದೇ ಕಡೆ ಸಮುದ್ರಕ್ಕೆ ತೆರೆದ ಕೊಲ್ಲಿ, ಅಂತ ಇದ್ದರೂ 1825ರ ಬಿರುಗಾಳಿಯಲ್ಲಿ ಉತ್ತರ ಸಮುದ್ರ ಪಶ್ಚಿಮದ ಮರಳುದಿಬ್ಬ ಒಡೆದು ಒಳಗೆ ನುಗ್ಗಿತು, ಆಮೇಲೆ ಅದರ ಎರಡೂ ತುದಿ ಸಮುದ್ರಕ್ಕೆ ತೆರೆದುಕೊಂಡವು. ದೋಣಿಗಳಿಗೆ ದಾರಿ ಬಿಡಲೇಬೇಕು. ಇಲ್ಲಿ 1865ರಿಂದ ಇದ್ದದ್ದು ತೇಲುವ ಸೇತುವೆ, ಈಗಿನದು 1933ರ ಮಾರ್ಚ್ 30ರಂದು ಓಡಾಟಕ್ಕೆ ತೆರೆಯಿತು.

1969ರಲ್ಲಿ ಪೂರ್ವಕ್ಕೆ ನೀರಿನಡಿ ಸುರಂಗ ಬಂದು ಹೆದ್ದಾರಿಯ ವಾಹನಗಳು ಅತ್ತ ಹೋದವು. ಸೈಕಲ್ಲಿಗೆ ಅಲ್ಲಿ ಜಾಗವಿಲ್ಲ. ಪಶ್ಚಿಮಕ್ಕಿರುವ ರೈಲು ಸೇತುವೆಗೆ 2017ರಲ್ಲಿ ನಡೆಯುವವರ, ಸೈಕಲ್ಲಿನವರ ದಾರಿ ಅಂಟಿಸಿದ್ದಾರೆ, ಚೆನ್ನಾಗಿದೆ, ಆದರೆ ಅದೂ ಏಳುವ ಸೇತುವೆಯೇ! 2012ರಲ್ಲಿ ಅದಕ್ಕೆ ಹಡಗೊಂದು ಗುದ್ದಿ ಒಂದು ವರ್ಷಕ್ಕೂ ಜಾಸ್ತಿ ರೈಲು ದಾಟಲಿಲ್ಲ. ಸೇತುವೆ ಇಲ್ಲದ ಊರು ಹೇಗಿರುತ್ತದೆ ಅಂತ ಆಗ ರೈಲಿನವರಿಗೆ ಗೊತ್ತಾಗಿರಬೇಕು, ಅಲ್ವಾ?

ಒಂದು ಸ್ಟಾರ್ ಕಿತ್ತದ್ದು ಕಾಯುವುದಕ್ಕಲ್ಲ, ಗಾಳಿಗೆ. ಡಿಸೆಂಬರಿನಲ್ಲಿ ಗ್ಲೌಸ್ ಮರೆತು ಗೇಟಿನ ಮುಂದೆ ನಿಂತು, ಹ್ಯಾಂಡಲ್ ಬಿಟ್ಟು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಪಕ್ಕದ ಅಜ್ಜಿ ನನ್ನನ್ನು ನೋಡಿ ನಕ್ಕರು, ಅವರ ಕೈಯಲ್ಲಿ ದಪ್ಪ ಉಣ್ಣೆಯ ಗ್ಲೌಸ್ ಇತ್ತು.