ಅಂಗನವಾಡಿಯೋ, ಸರ್ಕಾರಿ ಶಾಲೆಯ ಎಲ್‌ಕೆಜಿಯೋ? ಎರಡೂ ಕಡೆ ಮಕ್ಕಳನ್ನು ಕಳಿಸಿ ನೋಡಿದ್ದು

ನಮ್ಮ ಹೋಬಳಿಯಲ್ಲಿ ಒಂದೇ ಕಾಂಪೌಂಡಿನೊಳಗೆ ಚಿಕ್ಕ ಮಕ್ಕಳಿಗೆ ಸರ್ಕಾರದ ಎರಡು ಬಾಗಿಲುಗಳಿವೆ. ಗೇಟಿನ ಎಡಕ್ಕೆ ಅಂಗನವಾಡಿ, ಬಲಕ್ಕೆ ಕರ್ನಾಟಕ ಪಬ್ಲಿಕ್ ಶಾಲೆಯ ಎಲ್‌ಕೆಜಿ. ಎಡಗಡೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಬಲಗಡೆಯದು ಶಿಕ್ಷಣ ಇಲಾಖೆಯದು. ದುಡ್ಡು ಎರಡಕ್ಕೂ ಸರ್ಕಾರದ್ದೇ. ಆದರೂ ನಾಲ್ಕು ವರ್ಷದ ಮಗು ಕಂಡರೆ ಎರಡೂ ಕಡೆಯವರು ಕರೆಯುತ್ತಾರೆ. ನನ್ನ ಮಗಳು ಬಲಗಡೆ ಎಲ್‌ಕೆಜಿ, ಯುಕೆಜಿ ಮುಗಿಸಿ ಈಗ ಅಲ್ಲೇ ಎರಡನೇ ಕ್ಲಾಸಿನಲ್ಲಿದ್ದಾಳೆ. ಮಗ ಮೂರು ತುಂಬಿದಾಗಿನಿಂದ ಎಡಗಡೆ. ನನ್ನ ಟೈಲರಿಂಗ್ ಅಂಗಡಿಗೆ ಬರುವ ಅರ್ಧ ತಾಯಂದಿರು ಬ್ಲೌಸಿನ ಅಳತೆ ಕೊಡುತ್ತಲೇ "ಯಾವುದು ಒಳ್ಳೇದು ಅಕ್ಕಾ?" ಅಂತ ಕೇಳುತ್ತಾರೆ. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೆದಿದ್ದೇನೆ.

ಊಟದ ವಿಷಯ ಮೊದಲು. ಇದರಲ್ಲಿ ಅಂಗನವಾಡಿಯೇ ಮೇಲು, ಎರಡನೇ ಮಾತಿಲ್ಲ. ಅಲ್ಲಿ ಅಡುಗೆ ಮಾಡುವುದೇ ಪುಟ್ಟ ಮಕ್ಕಳಿಗಾಗಿ. ಅನ್ನ ಮೆತ್ತಗಿರುತ್ತದೆ, ಸಾಂಬಾರಿಗೆ ಖಾರ ಕಮ್ಮಿ. ಹೆಸರುಕಾಳಿನ ಪಾಯಸ ಮಾಡಿದ ದಿನ ನನ್ನ ಮಗ ಮನೆಗೆ ಬಂದು ಊಟವೇ ಬೇಡ ಅನ್ನುತ್ತಾನೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಇದೆ, ವಾರಕ್ಕೆ ಎರಡು ಮೊಟ್ಟೆ ಇದೆ. ಶಾಲೆಯಲ್ಲಿ ಬಿಸಿಯೂಟ ಇದೆ, ನಿಜ. ಆದರೆ ನಮ್ಮಲ್ಲಿ ಹತ್ತನೇ ಕ್ಲಾಸಿನ ಹುಡುಗರಿಗೆ ಮಾಡಿದ ಪಾತ್ರೆಯಿಂದಲೇ ನಾಲ್ಕು ವರ್ಷದ ಮಗುವಿಗೂ ಸಾಂಬಾರು. ಎಲ್‌ಕೆಜಿ ಸೇರಿದ ಹೊಸತರಲ್ಲಿ ಮಗಳು ಬರೀ ಅನ್ನ ತಿಂದು ಬರುತ್ತಿದ್ದಳು. ತುಟಿ ಕೆಂಪಗಾಗಿರುತ್ತಿತ್ತು. ಕೊನೆಗೆ ಮೊಸರನ್ನದ ಡಬ್ಬಿ ಕಟ್ಟಿ ಕಳಿಸಿದೆ.

ಇನ್ನೊಂದು ಸಂಗತಿ ಜಾಸ್ತಿ ಜನರ ಗಮನಕ್ಕೆ ಬರುವುದಿಲ್ಲ. ಅಂಗನವಾಡಿಯಲ್ಲಿ ಪ್ರತಿ ತಿಂಗಳು ಮಗುವಿನ ತೂಕ ನೋಡುತ್ತಾರೆ. ಅಂಗನವಾಡಿ ಟೀಚರ್ ತೂಕ ಬರೆದುಕೊಂಡು, ತಾಯಿ ಕಾರ್ಡಿನ ಚಾರ್ಟಿನಲ್ಲಿ ಚುಕ್ಕೆ ಇಟ್ಟು, ಆಮೇಲೆ ಮೊಬೈಲಿನ ಪೋಷಣ್ ಟ್ರ್ಯಾಕರಿಗೂ ಹಾಕುತ್ತಾರೆ. ಚುಕ್ಕೆ ಹಸಿರು ಪಟ್ಟಿಯಲ್ಲಿದ್ದರೆ ಚಿಂತೆಯಿಲ್ಲ. ಒಂದು ಮಳೆಗಾಲ ನನ್ನ ಮಗನ ಚುಕ್ಕೆ ಹಳದಿಯ ಅಂಚಿಗೆ ಬಂತು. ನನಗೆ ಗೊತ್ತೇ ಆಗಿರಲಿಲ್ಲ, ಆಟ ಆಡಿಕೊಂಡೇ ಇದ್ದ. "ಹೋದ ತಿಂಗಳಿಗಿಂತ ಇಳಿದಿದ್ದಾನೆ ಕಣಮ್ಮ. ಜಂತುಹುಳದ ಮಾತ್ರೆ ಕೊಟ್ಟ ದಿನ ಇವನು ಬಂದಿರಲಿಲ್ಲ, ಅಲ್ವಾ?" ಅಂದರು ಟೀಚರ್. ಬಂದಿರಲಿಲ್ಲ, ಅಜ್ಜಿ ಮನೆಯಲ್ಲಿದ್ದ. ಮಾತ್ರೆ ಹಾಕಿಸಿ, ಆಶಾ ಕಾರ್ಯಕರ್ತೆಯನ್ನು ಮನೆಗೇ ಕಳಿಸಿದರು. ಮಗಳು ಎಲ್‌ಕೆಜಿ, ಯುಕೆಜಿಯಲ್ಲಿದ್ದಾಗ ಇಷ್ಟು ಹತ್ತಿರದಿಂದ ಯಾರೂ ನೋಡಲಿಲ್ಲ. ಶಾಲೆಯಲ್ಲಿ ವೈದ್ಯರ ತಪಾಸಣೆ ಇರುತ್ತದೆ, ಆದರೆ ಅದು ಯಾವಾಗಲೋ ಒಮ್ಮೆ.

ಅಂಗನವಾಡಿ ಹುಟ್ಟಿದ್ದೇ ಈ ಕೆಲಸಕ್ಕೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಆಗಿನಿಂದಲೂ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ ಇವುಗಳ ಜೊತೆಗೇ ಶಾಲೆಗೆ ಮುಂಚಿನ ಕಲಿಕೆ. ಮಗ ಹೊಟ್ಟೆಯಲ್ಲಿದ್ದಾಗ ನಾನೂ ಮಾತೃಪೂರ್ಣದ ಊಟಕ್ಕೆ ಅಲ್ಲಿಗೆ ಹೋಗುತ್ತಿದ್ದೆ. ಲಾಕ್‌ಡೌನ್ ಬಂದ ಮೇಲೆ ಆ ರೇಷನ್ ಮನೆಗೇ ಬಂತು. ಅಂದರೆ ಮಗ ಹುಟ್ಟುವ ಮುಂಚಿನಿಂದಲೇ ಟೀಚರಿಗೆ ಅವನು ಗೊತ್ತು. ಎಲ್‌ಕೆಜಿಯವರಿಗೆ ಮಗು ಗೊತ್ತಾಗುವುದು ಅರ್ಜಿ ಕೈಗೆ ಬಂದ ದಿನ.

ಇನ್ನು ಕಲಿಕೆ. ಇಲ್ಲಿ ಜನ ಎಲ್‌ಕೆಜಿಗೆ ಕಣ್ಣು ಮುಚ್ಚಿ ಓಟು ಹಾಕುತ್ತಾರೆ. ನಾನು ಹಾಕುವುದಿಲ್ಲ.

ಮಗಳು ಎಲ್‌ಕೆಜಿಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ಎ, ಬಿ, ಸಿ ಬರೆದಳು. ಪೆನ್ಸಿಲ್ ಹಿಡಿದ ಬೆರಳಿನ ತುದಿ ಬೆಳ್ಳಗಾಗುವಷ್ಟು ಒತ್ತುತ್ತಿದ್ದಳು. ಹಿಂದಿನ ಹಾಳೆಯಲ್ಲೂ ಅಕ್ಷರ ಮೂಡಿರುತ್ತಿತ್ತು. ಮನೆಗೆ ಬಂದ ನೆಂಟರ ಮುಂದೆ ಇಂಗ್ಲಿಷ್ ರೈಮ್ಸ್ ಹೇಳಿದಾಗ ನಮ್ಮತ್ತೆಗೆ ಹಿಗ್ಗೋ ಹಿಗ್ಗು. ಮಗ ಅದೇ ವಯಸ್ಸಿನಲ್ಲಿ ಅಂಗನವಾಡಿಯಲ್ಲಿ ಚಿಲಿಪಿಲಿ ಪುಸ್ತಕದ ಚಿತ್ರ ನೋಡಿ ಕಥೆ ಕಟ್ಟುತ್ತಾನೆ. ಹುಣಸೆಬೀಜ ಒಂದು ಕಡೆ, ಅವರೆಕಾಳು ಒಂದು ಕಡೆ ಬೇರೆ ಮಾಡಿ ಎಣಿಸುತ್ತಾನೆ. ಅಭಿನಯ ಮಾಡಿಕೊಂಡು ಹಾಡುತ್ತಾನೆ. ಎ ಬಿ ಸಿ ಪೂರ್ತಿ ಬರುವುದಿಲ್ಲ. ನಮ್ಮತ್ತೆಗೆ ಅದೇ ಕೊರಗು.

ಮಗಳ ಒಂದನೇ ಕ್ಲಾಸಿನ ಮೇಡಂ ಅವರನ್ನು ನೇರವಾಗಿಯೇ ಕೇಳಿದೆ. ಮೊದಲ ಒಂದೆರಡು ತಿಂಗಳು ಎಲ್‌ಕೆಜಿಯಿಂದ ಬಂದ ಮಕ್ಕಳು ಮುಂದೆ ಇರುತ್ತಾರಂತೆ, ದಸರಾ ರಜೆ ಕಳೆದ ಮೇಲೆ ಯಾರು ಎಲ್ಲಿಂದ ಬಂದವರು ಅಂತ ಗೊತ್ತಾಗುವುದಿಲ್ಲವಂತೆ. ಒಂದರಿಂದ ಮೂರನೇ ಕ್ಲಾಸಿನವರೆಗೆ ಹೇಗೂ ನಲಿ-ಕಲಿ, ಕಾರ್ಡು ಹಿಡಿದುಕೊಂಡು ಮೊದಲಿನಿಂದ ಕಲಿಸುತ್ತಾರೆ. ಇಂಗ್ಲಿಷ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಮ್ಮ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ಅದರಲ್ಲಿ ಕೂರಿಸುವ ಆಸೆ ಇದ್ದರೆ ಎಲ್‌ಕೆಜಿಯಿಂದ ಉಪಯೋಗ ಇದೆ.

ಕಲಿಸುವವರ ವಿಷಯದಲ್ಲಿ ಎರಡು ಕಡೆಯೂ ತೊಂದರೆ ಇದೆ, ಬೇರೆ ಬೇರೆ ಥರ. ನಮ್ಮ ಅಂಗನವಾಡಿ ಟೀಚರ್ ಇದೇ ಊರಿನವರು, ಎಷ್ಟೋ ವರ್ಷದಿಂದ ಅವರೇ. ಆದರೆ ಅವರ ತಲೆಯ ಮೇಲೆ ಸರ್ವೆ, ಮೀಟಿಂಗು, ಮತದಾರರ ಪಟ್ಟಿಯ ಕೆಲಸ ಎಲ್ಲ ಇರುತ್ತದೆ. ಅಂಥ ದಿನ ಮಕ್ಕಳ ಜೊತೆ ಸಹಾಯಕಿ ಒಬ್ಬರೇ. ಒಲೆಯನ್ನೂ ನೋಡಬೇಕು, ಮಕ್ಕಳನ್ನೂ ನೋಡಬೇಕು. ಆ ದಿನ ಕಲಿಕೆ ಸೊನ್ನೆ ಅಂತಲೇ ಇಟ್ಟುಕೊಳ್ಳಿ. ಎಲ್‌ಕೆಜಿ ಮಿಸ್ ತರಬೇತಿ ಆದವರು, ಚುರುಕು. ಆದರೆ ಅತಿಥಿ ಶಿಕ್ಷಕಿ. ಕೈಗೆ ಸಿಗುವ ಸಂಬಳ ಕಮ್ಮಿ, ಅದೂ ತಡ. ಬೇರೆ ಕಡೆ ಕೆಲಸ ಸಿಕ್ಕಿದ ಕೂಡಲೇ ಹೊರಟುಬಿಟ್ಟರು. ವರ್ಷದ ಮಧ್ಯೆ ಹೊಸ ಮಿಸ್ ಬಂದಾಗ ಮಗಳು ಒಂದು ವಾರ ಗೇಟಿನ ಹತ್ತಿರ ಅತ್ತಳು.

ಬಿಡುವ ಹೊತ್ತು ನನ್ನಂಥ ದುಡಿಯುವ ಹೆಂಗಸಿಗೆ ದೊಡ್ಡ ವಿಷಯ. ನಮ್ಮ ಅಂಗನವಾಡಿ ಒಂಬತ್ತೂವರೆಯಿಂದ ನಾಲ್ಕರವರೆಗೆ. ಊಟ ಆದ ಮೇಲೆ ಚಾಪೆ ಹಾಸಿ ಮಲಗಿಸುತ್ತಾರೆ. ಎಲ್‌ಕೆಜಿ ನಮ್ಮಲ್ಲಿ ಅದಕ್ಕಿಂತ ಬೇಗ ಬಿಡುತ್ತದೆ, ಮಲಗಿಸುವ ಏರ್ಪಾಡಿಲ್ಲ. ಮಗಳು ಎಷ್ಟೋ ಮಧ್ಯಾಹ್ನ ನನ್ನ ಅಂಗಡಿಯ ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ನಿದ್ದೆ ಮಾಡಿದ್ದಾಳೆ. ಬೇರೆ ಶಾಲೆಗಳಲ್ಲಿ ಟೈಮ್ ಬೇರೆ ಇರಬಹುದು, ಸೇರಿಸುವ ಮುಂಚೆ ಕೇಳಿ. ಆಯಾ ಇದ್ದಾರಾ, ಟಾಯ್ಲೆಟ್ಟಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತಲೂ ಕೇಳಿ. ಶಾಲೆಯ ಟಾಯ್ಲೆಟ್ಟು ದೊಡ್ಡ ಮಕ್ಕಳಿಗೆ ಕಟ್ಟಿದ್ದು.

ಖಾಸಗಿ ಶಾಲೆಯ ಬಗ್ಗೆ ನಾನು ಹೇಳುವಂಥದ್ದೇನಿಲ್ಲ, ಕಳಿಸಿಲ್ಲ. ಮೊದಲು ಆರ್‌ಟಿಇಯಲ್ಲಿ ಸರ್ಕಾರದ ಖರ್ಚಿನಲ್ಲೇ ಅಲ್ಲಿ ಸೀಟು ಸಿಗುತ್ತಿತ್ತು. 2019ರಿಂದ ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ದಾರಿ ಇಲ್ಲ. ಮೂರು ವರ್ಷದೊಳಗಿನ ಮಗುವಾದರೆ ಕೆಲವು ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಕೂಸಿನ ಮನೆ ಇದೆ. ಅದು ಬೇರೆಯೇ ಲೆಕ್ಕ.

ಈ ಎರಡು ಇಲಾಖೆಗಳ ಹಗ್ಗಜಗ್ಗಾಟ 2024ರಲ್ಲಿ ಬೀದಿಗೇ ಬಂತು. ಕಲ್ಯಾಣ ಕರ್ನಾಟಕದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುತ್ತೇವೆ ಅಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಮೂರರಿಂದ ಆರು ವರ್ಷದ ಮಕ್ಕಳು ಅತ್ತ ಹೋದರೆ ಅಂಗನವಾಡಿಯಲ್ಲಿ ಉಳಿಯುವುದೇನು ಅನ್ನುವುದು ಅವರ ಭಯ. ಸುಳ್ಳಲ್ಲ. ಆಮೇಲೆ ಸರ್ಕಾರ ಅಂಗನವಾಡಿಗಳನ್ನೇ ಸರ್ಕಾರಿ ಮಾಂಟೆಸ್ಸರಿ ಮಾಡುತ್ತೇವೆ ಅಂದಿತು, ಬೆಂಗಳೂರಿನ ಕೆಲವು ಕಡೆ ಶುರುವೂ ಆಯಿತು. ಬೋರ್ಡಿಗೆ ಬಣ್ಣ ಹೊಡೆದರೆ ಸಾಲದು, ಆ ಟೀಚರ್ ಕೈಯಿಂದ ಸರ್ವೆ ಪುಸ್ತಕ ತೆಗೆದುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ಅನಿಸಿಕೆ.

ಇಷ್ಟೆಲ್ಲ ಅಂಗನವಾಡಿಯನ್ನು ಹೊಗಳಿಯೂ ಈ ಜೂನ್‌ಗೆ ಮಗನನ್ನು ಬಲಗಡೆಗೆ ಕಳಿಸುತ್ತಿದ್ದೇನೆ, ಯುಕೆಜಿಗೆ. ಕಾರಣ ಅವನು ಹುಟ್ಟಿದ ತಿಂಗಳು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ನೇ ಸಾಲಿಗೆ ಮಾತ್ರ ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದರು. ನನ್ನ ಮಗ ಸೆಪ್ಟೆಂಬರಿನಲ್ಲಿ ಹುಟ್ಟಿದವನು. ಸೆಪ್ಟೆಂಬರಿಗೆ ಆರು ತುಂಬಿದರೆ ಅಂಗನವಾಡಿಯ ಲೆಕ್ಕದಿಂದ ಹೊರಗೆ, ಒಂದನೇ ಕ್ಲಾಸು ಮುಂದಿನ ಜೂನ್‌ವರೆಗೆ ಇಲ್ಲ. ಮಧ್ಯದ ಎಂಟೊಂಬತ್ತು ತಿಂಗಳು ಅವನು ಎರಡು ಇಲಾಖೆಯಲ್ಲಿ ಯಾರಿಗೂ ಸೇರಿದವನಲ್ಲ. "ಬಂದು ಕೂತ್ಕೊಳ್ಳಲಿ ಬಿಡಮ್ಮ, ನಾನೇನು ಓಡಿಸ್ತೀನಾ" ಅಂದರು ಟೀಚರ್. ಓಡಿಸುವುದಿಲ್ಲ ಅಂತ ನನಗೂ ಗೊತ್ತು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗೆ ಮೊಟ್ಟೆ ಎಲ್ಲಿಂದ ತರುತ್ತಾರೆ?

ಏಪ್ರಿಲ್, ಮೇ, ಜೂನ್ ಮೊದಲ ದಿನದೊಳಗೆ ಹುಟ್ಟಿದ ಮಗುವಾದರೆ ಈ ತಾಪತ್ರಯ ಇಲ್ಲ. ಆರು ತುಂಬುತ್ತಿದ್ದಂತೆ ನೇರ ಒಂದನೇ ಕ್ಲಾಸು. ಅಂಥವರಿಗೆ ನಾಲ್ಕು ತುಂಬುವವರೆಗಂತೂ ಅಂಗನವಾಡಿ ಬಿಡಿಸಬೇಡಿ, ಆಮೇಲೂ ಇಂಗ್ಲಿಷ್ ಮಾಧ್ಯಮ ಬೇಕೇಬೇಕು ಅನ್ನುವ ಹಟ ಇಲ್ಲದಿದ್ದರೆ ಅಲ್ಲೇ ಇರಲಿ ಅನ್ನುತ್ತೇನೆ. ಜುಲೈ ಆದಮೇಲೆ ಹುಟ್ಟಿದ ಮಗುವಾದರೆ ಕೊನೆಯ ವರ್ಷ ಯುಕೆಜಿಗೆ ಹಾಕಿ. ಸೀಟು ಕಮ್ಮಿ ಇರುತ್ತವೆ, ಬೇಸಿಗೆ ರಜೆಯಲ್ಲೇ ಜನನ ಪ್ರಮಾಣಪತ್ರ, ಆಧಾರ್ ಹಿಡಿದು ಹೋಗಿ ಅರ್ಜಿ ಕೊಡಿ. ಡಬ್ಬಿಗೆ ಮೊಸರನ್ನ ಹಾಕುವುದನ್ನು ಮರೆಯಬೇಡಿ.